ಬೀಡಿ ಕಡಿಮೆಯಾದ ಮನೆಗಳಿಗೆ ಬೇರೆ ಏನು ದಾರಿ? ಈ ಸಲ ಮೊದಲು ಪೇಟೆ ನೋಡೋಣ ಅಂತ ಹೊರಟಿದ್ದೇವೆ

ಕಟಪಾಡಿ ಕಡೆಯವಳು
ಜುಲೈ, ಮೊದಲ ವಾರ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಸ್ವಸಹಾಯ ಗುಂಪಿನಲ್ಲಿ ಹದಿನಾಲ್ಕು ಜನ ಇದ್ದೇವೆ. ಒಂಬತ್ತು ಮನೆಯಲ್ಲಿ ಒಲೆ ಉರಿಯುವುದು ಬೀಡಿ ಸುತ್ತುವ ಕೆಲಸದಿಂದ. ಮೊದಲೆಲ್ಲ ಬೀಡಿ ಕಂಪನಿಯ ಬ್ರಾಂಚಿನಲ್ಲಿ ವಾರಕ್ಕೆ ಆರು ದಿನ ಬೀಡಿ ಎಲೆ ಸಿಗುತ್ತಿತ್ತು. ಈಗ ಮೂರು ದಿನ, ಕೆಲವು ವಾರ ಎರಡೇ. ತಡ್ಪೆ (ಮೊರ) ಮಡಿಲಲ್ಲಿಟ್ಟು ಕೂತರೆ ಮಧ್ಯಾಹ್ನದೊಳಗೆ ಎಲೆ ಮುಗಿಯುತ್ತದೆ. ಆಮೇಲೆ ಸುಮ್ನೆ ಕೂರುವುದು.

ಅದರಲ್ಲಿ ಒಂದು ಮನೆಯ ವಿಷಯ ನನಗೆ ನಿದ್ದೆ ಕೊಡುತ್ತಿಲ್ಲ. ಗಂಡ ತೆಂಗಿನಮರದಿಂದ ಬಿದ್ದು ಬೆನ್ನಿಗೆ ಪೆಟ್ಟಾಗಿ ನಾಲ್ಕು ವರ್ಷದಿಂದ ಮಲಗಿದಲ್ಲೇ ಇದ್ದಾರೆ. ಇಬ್ಬರು ಮಕ್ಕಳು ಶಾಲೆಗೆ ಹೋಗುತ್ತಾರೆ. ವಯಸ್ಸಾದ ಅತ್ತೆ ಇದ್ದಾರೆ. ಐದು ಸೆಂಟ್ಸ್ ಜಾಗ, ಒಂದು ಬಾವಿ. ದುಡಿಯುವುದು ಆ ಅಕ್ಕ ಒಬ್ಬರೇ.

ಕಳೆದ ವರ್ಷ ನಾವೆಲ್ಲ ಸೇರಿ ಅವರಿಗೆ ಹೊಲಿಗೆ ಮೆಷಿನ್ ಕೊಡಿಸಿದೆವು. ಮೂರು ತಿಂಗಳು ಕಲಿತರು, ಚೆನ್ನಾಗಿಯೇ ಹೊಲಿಯುತ್ತಾರೆ. ಆದರೆ ಅವರ ಮನೆಯ ಸುತ್ತಮುತ್ತಲೇ ಮೂವರು ಟೈಲರ್‌ಗಳಿದ್ದಾರೆ. ನೈಟಿ, ಚೂಡಿದಾರ ಎಲ್ಲ ಜನ ರೆಡಿಮೇಡ್ ತರುತ್ತಾರೆ. ಇವರ ಪಾಲಿಗೆ ಬರುವುದು ಫಾಲ್ ಹಾಕುವ ಕೆಲಸ ಮಾತ್ರ. ಈಗ ಮೆಷಿನ್ ಮೇಲೆ ಮಕ್ಕಳ ಪುಸ್ತಕ ಇಟ್ಟಿದ್ದಾರೆ. ತಪ್ಪು ಅವರದ್ದಲ್ಲ. ಕೊಳ್ಳುವವರು ಯಾರು ಅಂತ ನಾವು ಯಾರೂ ಕೇಳಲೇ ಇಲ್ಲ.

ಹಾಗಾಗಿ ಈ ಸಲ ಮೊದಲು ಪೇಟೆ. ನಾನು ಮತ್ತು ಇನ್ನಿಬ್ಬರು ಅಕ್ಕಂದಿರು ಮೂರು ವಾರ ಸಂತೆ, ಹೂವಿನ ಕಟ್ಟೆ, ಮೀನು ಮಾರ್ಕೆಟ್, ಹೋಟೆಲು ಎಲ್ಲ ಸುತ್ತಬೇಕು ಅಂತ ಇದ್ದೇವೆ. ಹೋದಲ್ಲಿ ಏನು ಕೇಳಬೇಕು? ಯಾವುದನ್ನು ನಂಬಬಾರದು? ಅನುಭವ ಇದ್ದವರು ಹೇಳಿ.

*

ಹಳೆ ಬ್ಯಾಂಕಿನವ

ತಂಗೀ, ನಿಮ್ಮ ಬರಹ ಎರಡು ಸಲ ಓದಿದೆ. ಮೂವತ್ತು ವರ್ಷ ಬ್ಯಾಂಕಿನಲ್ಲಿ ಸಾಲದ ಅರ್ಜಿ ನೋಡಿದವನು ನಾನು. ಒಂದೇ ಒಂದು ವಿಷಯ ಹೇಳುತ್ತೇನೆ. ಲಾಭ ಎಷ್ಟು ಅಂತ ಕೇಳುವ ಮೊದಲು ದುಡ್ಡು ಯಾವಾಗ ಕೈಗೆ ಬರುತ್ತದೆ ಅಂತ ಕೇಳಿ.

ಆ ಮನೆಗೆ ದಿನಾ ಹಾಲು ಬೇಕು, ಗಂಡನ ಮದ್ದು ಬೇಕು. ತಿಂಗಳ ಕೊನೆಗೆ ಐದು ಸಾವಿರ ಬರುವ ಕೆಲಸಕ್ಕಿಂತ ದಿನಕ್ಕೆ ನೂರೈವತ್ತು ಬರುವ ಕೆಲಸ ಅವರಿಗೆ ಮೇಲು. ಲೆಕ್ಕದಲ್ಲಿ ಕಡಿಮೆ ಕಾಣಬಹುದು. ಆದರೆ ನಡುವೆ ಬಡ್ಡಿಗೆ ಕೈಚಾಚುವುದು ತಪ್ಪುತ್ತದೆ, ಅಲ್ವಾ?

ನಮ್ಮ ಊರಿನ ಹಿರಿಯರಿಗೆ ಇದು ಗೊತ್ತಿತ್ತು. 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್ ಶುರುವಾದದ್ದೇ ಕಷ್ಟಕ್ಕೆ ಬಿದ್ದ ಕೈಮಗ್ಗದ ನೇಕಾರರ ಸಲುವಾಗಿ. 1928ರಲ್ಲಿ ಪಿಗ್ಮಿ ತಂದರು. ಏಜೆಂಟ್ ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ತೆಗೆದುಕೊಳ್ಳುತ್ತಿದ್ದ. ದಿನದ ದುಡಿಮೆಯವರಿಗೆ ದಿನದ ಲೆಕ್ಕವೇ ಸರಿ ಅಂತ ಅವರು ಕಂಡುಕೊಂಡಿದ್ದರು. 2020ರಲ್ಲಿ ಆ ಬ್ಯಾಂಕು ಕೆನರಾದೊಳಗೆ ಸೇರಿತು. ಪಿಗ್ಮಿ ಎಂಬ ಮಾತು ಮಾತ್ರ ಇವತ್ತಿಗೂ ನಮ್ಮ ಅಂಗಡಿಗಳಲ್ಲಿ ಉಳಿದಿದೆ.

ಆದ್ದರಿಂದ ಪ್ರತಿ ಅಂಗಡಿಯಲ್ಲೂ ಕೇಳಿ: ಸಾಮಾನು ಕೊಟ್ಟ ಕೂಡಲೇ ದುಡ್ಡು ಕೊಡುತ್ತೀರಾ, ಹದಿನೈದು ದಿನ ಬಿಟ್ಟು ಕೊಡುತ್ತೀರಾ? ಮಾರಿಹೋಗದೆ ಉಳಿದರೆ ನಷ್ಟ ಯಾರದ್ದು? ಈ ಎರಡಕ್ಕೆ ಉತ್ತರ ಸಿಗದೆ ಒಂದು ರೂಪಾಯಿ ಸಾಲವನ್ನೂ ತೆಗೆಸಬೇಡಿ.

*

ಬೀಡಿ ಮನೆಯ ಮಗ, ಸುರತ್ಕಲ್

ಅಕ್ಕ, ಒಂದು ಎಚ್ಚರಿಕೆ. ಹೊಸ ಕೆಲಸ ಸಿಕ್ಕಿತು ಅಂತ ಬೀಡಿ ಪೂರ್ತಿ ಬಿಡಿಸಬೇಡಿ. ಪಿಎಫ್ ಪಾಸ್‌ಬುಕ್ ಮೊದಲು ನೋಡಿ. ಹತ್ತು ವರ್ಷ ಸೇವೆ ಆದರೆ 58ರ ನಂತರ ತಿಂಗಳ ಪಿಂಚಣಿ ಸಿಗುತ್ತದೆ. ನಮ್ಮ ಅಮ್ಮ ಎಂಟು ವರ್ಷಕ್ಕೆ ಬಿಟ್ಟು ದುಡ್ಡು ತೆಗೆದುಬಿಟ್ಟರು. ಆಗ ಅದು ದೊಡ್ಡ ಮೊತ್ತ ಅನಿಸಿತ್ತು. ಮನೆಯ ಮಾಡು ರಿಪೇರಿ ಮಾಡಿದೆವು, ಮುಗಿಯಿತು. ಈಗ ಅಮ್ಮನಿಗೆ ಅರವತ್ತೊಂದು, ಪಿಂಚಣಿ ಇಲ್ಲ.

ಎಲೆ ಎರಡು ದಿನ ಸಿಕ್ಕರೂ ಬೀಡಿ ಕಾರ್ಮಿಕರ ಕಾರ್ಡ್ ಉಳಿಸಿಕೊಳ್ಳಲಿ. ಉಳಿದ ದಿನಕ್ಕೆ ಬೇರೆ ಕೆಲಸ ಹುಡುಕಿ.

*

ಸಂತೆಯಲ್ಲಿ ತರಕಾರಿ ಮಾರುವವಳು

ನಾನು ಉಡುಪಿ ಸುತ್ತಮುತ್ತ ವಾರಕ್ಕೆ ನಾಲ್ಕು ಕಡೆ ತರಕಾರಿ ಇಟ್ಟು ಕೂರುತ್ತೇನೆ. ನನ್ನ ಮಾತು ಕೇಳಿ.

ನಮ್ಮಲ್ಲಿಗೆ ಬರುವ ತರಕಾರಿ ಜಾಸ್ತಿ ಘಟ್ಟದ ಮೇಲಿನದ್ದು. ಬೆಳಗಿನ ಜಾವ ಲಾರಿ ಬರುತ್ತದೆ, ನಾವು ಮೂಟೆ ಇಳಿಸುತ್ತೇವೆ. ಆದರೆ ಗಿರಾಕಿ ಬಂದು ಮೊದಲು ಕೇಳುವುದು ಏನು ಗೊತ್ತಾ? "ಊರ್ದ ಉಂಡಾ?" ಊರಿನದ್ದು ಇದೆಯಾ ಅಂತ. ಊರ ಬೆಂಡೆ, ಊರ ಅಲಸಂಡೆ, ಊರ ಬಸಳೆ, ಊರ ಹರಿವೆ. ಆ "ಊರ" ಎಂಬ ಒಂದು ಮಾತಿಗೆ ಜನ ಹೆಚ್ಚು ದುಡ್ಡು ಕೊಡುತ್ತಾರೆ, ಚೌಕಾಸಿಯೂ ಕಡಿಮೆ. ನನ್ನ ಹತ್ತಿರ ಊರ ಬಸಳೆ ಒಂಬತ್ತು ಗಂಟೆಯೊಳಗೆ ಖಾಲಿ. ಘಟ್ಟದ ಕೋಸು ಸಂಜೆವರೆಗೂ ಇರುತ್ತದೆ.

ನೀವು ಸಂತೆಗೆ ಬಂದಾಗ "ಯಾವುದು ಚೆನ್ನಾಗಿ ಹೋಗುತ್ತದೆ" ಅಂತ ಕೇಳಬೇಡಿ. ಎಲ್ಲರೂ ಎಲ್ಲವೂ ಹೋಗುತ್ತದೆ ಅಂತಾರೆ. "ನಿನ್ನೆ ಯಾವುದು ಕೇಳಿದವರಿಗೆ ಕೊಡಲಿಕ್ಕೆ ಆಗಲಿಲ್ಲ" ಅಂತ ಕೇಳಿ. ಆಗ ನಿಜ ಹೊರಗೆ ಬರುತ್ತದೆ. ಬೆಳಿಗ್ಗೆ ಆರಕ್ಕೆ ಒಮ್ಮೆ ಬನ್ನಿ, ಸಂಜೆ ಆರಕ್ಕೆ ಇನ್ನೊಮ್ಮೆ ಬನ್ನಿ. ಸಂಜೆ ನಮ್ಮ ಗೋಣಿಯಲ್ಲಿ ಏನು ಉಳಿದಿದೆ ಅಂತ ಕಣ್ಣಾರೆ ನೋಡಿ.

ಬಾವಿ ಇರುವ ಐದು ಸೆಂಟ್ಸ್ ಅಂದಿರಲ್ಲ, ಬಸಳೆಗೆ ಅದು ಸಾಕು. ಈ ಮಳೆಯಲ್ಲಿ ಬೇಡ, ಬುಡ ಕೊಳೆಯುತ್ತದೆ. ಮಳೆ ಬಿಡುವಾಗ ದಂಟು ನೆಡಿ.

*

ಮಲ್ಪೆ ಮಗಳು

ನಮ್ಮದು ಮೀನಿನ ಮನೆ. ಅಮ್ಮ ನಲವತ್ತು ವರ್ಷ ಬುಟ್ಟಿ ಹೊತ್ತವರು.

ಒಣಮೀನಿನ ವ್ಯಾಪಾರ ಅಂತ ಯಾರಾದರೂ ನಿಮಗೆ ಹೇಳಿಯೇ ಹೇಳುತ್ತಾರೆ. ಅದಕ್ಕೆ ಮೊದಲೇ ಬರೆಯುತ್ತಿದ್ದೇನೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳಿಗೆ ನಿಷೇಧ. ನಾಡದೋಣಿಯವರು ತರುವಷ್ಟೇ ಹಸಿಮೀನು. ಆಗ ಒಣ ಬಂಗುಡೆ, ಒಣ ಸಿಗಡಿ, ನಂಗ್ ಎಲ್ಲಕ್ಕೂ ಒಳ್ಳೆ ರೇಟು. ಮಳೆ ಜೋರಾಗಿರುವ ಆಟಿ ತಿಂಗಳಲ್ಲಿ ಒಣಮೀನು ಇಲ್ಲದ ಮನೆ ಇಲ್ಲ. ಹಾಗಾಗಿ ನೋಡಲಿಕ್ಕೆ ಸುಲಭ ಅನಿಸುತ್ತದೆ.

ಆದರೆ ಆ ಮೀನನ್ನು ಮಾರ್ಚ್, ಏಪ್ರಿಲ್, ಮೇ ಬಿಸಿಲಲ್ಲೇ ಒಣಗಿಸಿ ಇಡಬೇಕು. ಎರಡು ಮೂರು ತಿಂಗಳು ದುಡ್ಡು ಡಬ್ಬಿಯೊಳಗೆ ಕೂತಿರುತ್ತದೆ. ಮೇ ತಿಂಗಳಲ್ಲಿ ಒಂದು ಮಳೆ ಅನಿರೀಕ್ಷಿತ ಬಂತು ಅಂದರೆ ಚಾಪೆ ಮೇಲಿನದ್ದೆಲ್ಲ ಹುಳ. ಒಬ್ಬರೇ ದುಡಿಯುವ ಮನೆ ಆ ಹೊಡೆತ ತಡೆಯುವುದಿಲ್ಲ. ನಾಲ್ಕೈದು ಮನೆ ಸೇರಿ, ತಗಡಿನ ಮಾಡಿನಡಿ ಅಟ್ಟ ಕಟ್ಟಿ ಒಣಗಿಸಿದರೆ ಆಗಬಹುದು. ಒಬ್ಬರಿಗೇ ಹೇಳಬೇಡಿ.

*

ಪಡುಬಿದ್ರಿಯಿಂದ

ಕ್ಷಮಿಸಿ, ನನಗೆ ಸ್ವಲ್ಪ ಬೇರೆ ಅಭಿಪ್ರಾಯ ಇದೆ. ಮಲಗಿದ ಗಂಡ, ವಯಸ್ಸಾದ ಅತ್ತೆ, ಇಬ್ಬರು ಮಕ್ಕಳು. ಆ ಅಕ್ಕನ ಹತ್ತಿರ ಇನ್ನೊಂದು ಕೆಲಸಕ್ಕೆ ಹೊತ್ತು ಎಲ್ಲಿದೆ? ಎಲ್ಲವನ್ನೂ ಪೇಟೆ ಸರಿಮಾಡುತ್ತದೆ ಅಂತ ನಾನು ನಂಬುವುದಿಲ್ಲ.

ಗಂಡನಿಗೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಆಗಿದೆಯಾ? ಅಂಗವಿಕಲ ಪಿಂಚಣಿ ಬರುತ್ತಿದೆಯಾ? ಅತ್ತೆಯ ವೃದ್ಧಾಪ್ಯ ವೇತನ? ಗೃಹಲಕ್ಷ್ಮಿಯ 2,000 ಯಾರ ಹೆಸರಿಗೆ? ಮಕ್ಕಳಿಗೆ ಬೀಡಿ ಕಾರ್ಮಿಕರ ವಿದ್ಯಾರ್ಥಿವೇತನ ಹಾಕಿದ್ದೀರಾ? ಇದೆಲ್ಲ ಅವರ ಹಕ್ಕು. ಮೊದಲು ಇದು ಕೈಗೆ ಬರಲಿ. ಕಾಲಡಿ ನೆಲ ಗಟ್ಟಿಯಾದ ಮೇಲೆ ವ್ಯಾಪಾರ.

ನಮ್ಮ ಕಡೆ ಒಂದು ಮನೆಗೆ ಉಪ್ಪಿನಕಾಯಿ ಮಾಡಿ ಅಂತ ಹುರಿದುಂಬಿಸಿದರು. ಮೂರು ಕಡೆ ಸಣ್ಣ ಸಾಲ ಮಾಡಿಸಿದರು. ಉಪ್ಪಿನಕಾಯಿ ಚೆನ್ನಾಗಿತ್ತು, ಮಾರುವವರು ಯಾರೂ ಇರಲಿಲ್ಲ. ವಾರವಾರ ಕಂತಿನವರು ಬಾಗಿಲಿಗೆ ಬಂದು ಕೂತರು. ಆ ಮನೆಯವರು ಊರೇ ಬಿಟ್ಟರು.

*

ಕಟಪಾಡಿ ಕಡೆಯವಳು

ಪಡುಬಿದ್ರಿಯವರೇ, ಕ್ಷಮಿಸಿ ಅಂತ ಹೇಳಬೇಡಿ. ನೀವು ಹೇಳಿದ್ದು ಓದಿ ಇವತ್ತೇ ಆ ಮನೆಗೆ ಹೋದೆ. ಯುಡಿಐಡಿ ಕಾರ್ಡ್ ಆಗಿಯೇ ಇಲ್ಲ. ಆಸ್ಪತ್ರೆಗೆ ಕರೆದುಕೊಂಡು ಹೋಗಲಿಕ್ಕೆ ವಾಹನ ಇಲ್ಲ ಅಂತ ಬಿಟ್ಟಿದ್ದರಂತೆ. ನಾಲ್ಕು ವರ್ಷ! ಮುಂದಿನ ವಾರ ನಾವು ನಾಲ್ವರು ಹೋಗಿ ಕರೆದುಕೊಂಡು ಹೋಗುತ್ತೇವೆ. ಪಿಎಫ್ ಪಾಸ್‌ಬುಕ್ಕೂ ನೋಡಿದೆ. ಏಳು ವರ್ಷ ಆಗಿದೆ. ಬೀಡಿ ಬಿಡುವುದು ಬೇಡ ಅಂತ ಹೇಳಿ ಬಂದೆ.

ಹೊತ್ತಿನ ವಿಷಯ ನೀವು ಎತ್ತಿದ್ದು ತುಂಬ ಒಳ್ಳೆಯದಾಯಿತು. ಅವರ ಜೊತೆ ಕೂತು ಒಂದು ದಿನದ ಕೆಲಸ ಬರೆದುಕೊಂಡೆ. ಬೆಳಿಗ್ಗೆ ಐದಕ್ಕೆ ಏಳುತ್ತಾರೆ. ಆರೂವರೆಯೊಳಗೆ ಗಂಡನ ಸ್ನಾನ, ಬಟ್ಟೆ. ಮಗ್ಗುಲು ಬದಲಿಸುವುದು ಎರಡು ಗಂಟೆಗೊಮ್ಮೆ, ಆದ್ದರಿಂದ ಮನೆಬಿಟ್ಟು ಎರಡು ಗಂಟೆಗಿಂತ ಜಾಸ್ತಿ ಹೋಗಲಿಕ್ಕೆ ಆಗುವುದಿಲ್ಲ. ಮಕ್ಕಳು ಹೋದ ಮೇಲೆ ಒಂಬತ್ತರಿಂದ ಹನ್ನೆರಡು ಕೈ ಖಾಲಿ. ಬೀಡಿ ಇದ್ದ ದಿನ ಅದೂ ಇಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕು ಅತ್ತೆ ಎಚ್ಚರ ಇರುತ್ತಾರೆ, ಆಗ ಸ್ವಲ್ಪ ಹೊರಗೆ ಹೋಗಬಹುದು.

ಇಷ್ಟು ಬರೆದ ಮೇಲೆ ಅರ್ಧ ಐಡಿಯಾಗಳು ತಾವಾಗಿಯೇ ಬಿದ್ದುಹೋದವು. ಅಂಗಡಿ ಇಡುವುದು ಆಗುವುದಿಲ್ಲ. ಪೇಟೆಯಲ್ಲಿ ಕೂತು ಮಾರುವುದೂ ಆಗುವುದಿಲ್ಲ. ಮನೆಯಲ್ಲೇ ಆಗಬೇಕು, ಮಧ್ಯೆ ಎದ್ದು ಹೋಗಿ ಬಂದರೂ ಕೆಡದ ಕೆಲಸ ಆಗಬೇಕು.

*

ಶಂಕರಪುರದ ಮಲ್ಲಿಗೆ ಮನೆ

ಅಕ್ಕ, ನಿಮ್ಮ ಈ ಕೊನೆಯ ಸಾಲು ಓದಿ ಬರೆಯದೆ ಇರಲಿಕ್ಕೆ ಆಗಲಿಲ್ಲ. ಮಧ್ಯೆ ಎದ್ದು ಹೋದರೂ ಕೆಡದ ಕೆಲಸ ಅಂದರೆ ಹೂ ಕಟ್ಟುವುದು.

ನಮ್ಮ ಮನೆಯಲ್ಲಿ ಮಲ್ಲಿಗೆ ಗಿಡ ಇದೆ. ಸೂರ್ಯ ಏರುವ ಮೊದಲು ಮೊಗ್ಗು ಕೊಯ್ಯುತ್ತೇವೆ. ಬಾಳೆನಾರಿನಲ್ಲಿ ಕಟ್ಟಿ ಹೊತ್ತಿಗೆ ಸರಿಯಾಗಿ ಕಟ್ಟೆಗೆ ಮುಟ್ಟಿಸಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಅಟ್ಟೆಗೆ 3,200 ಹೂ. ಅಟ್ಟೆಯ ರೇಟು ದಿನಾ ಬೇರೆ. ಚೌತಿ, ಮದುವೆ ಸೀಸನ್ನಿನಲ್ಲಿ ಎರಡು ಸಾವಿರದ ಹತ್ತಿರ ಹೋಗುವ ದಿನ ಇದೆ, ಬಿದ್ದ ದಿನ ಕೆಲವೇ ನೂರು.

ಗಿಡ ಇರುವವರಿಗೆ ಕಷ್ಟ ಏನು ಅಂದರೆ ಕಟ್ಟುವ ಕೈ ಸಿಗುವುದಿಲ್ಲ. ಹೂ ಜಾಸ್ತಿ ಬಂದ ದಿನ ಮನೆಯವರೆಲ್ಲ ಕೂತರೂ ಹೊತ್ತಿಗೆ ಮುಗಿಯುವುದಿಲ್ಲ. ಮುಗಿಯದ ಹೂ ಅರಳಿಬಿಡುತ್ತದೆ, ಅದಕ್ಕೆ ಬೆಲೆ ಇಲ್ಲ. ನಾವು ಚೆಂಡಿನ ಲೆಕ್ಕದಲ್ಲಿ ಕಟ್ಟುವ ಕೂಲಿ ಕೊಡುತ್ತೇವೆ, ಅದೇ ದಿನ.

ಬೀಡಿ ಸುತ್ತಿದ ಬೆರಳು ಬೇರೆಯೇ, ನಾನು ಕಂಡಿದ್ದೇನೆ. ನಮ್ಮ ಪಕ್ಕದ ಮನೆಯ ಮಾಮಿ ಇಪ್ಪತ್ತೈದು ವರ್ಷ ಬೀಡಿ ಕಟ್ಟಿದವರು. ಎಡಗೈ ಹೆಬ್ಬೆರಳಲ್ಲಿ ನಾರು ಒತ್ತಿ ಹಿಡಿಯುತ್ತಾರೆ. ಬಲಗೈಯಲ್ಲಿ ಮೊಗ್ಗನ್ನು ಜೋಡಿಸುತ್ತಾ ಹೋಗುತ್ತಾರೆ, ಒಂದು ತೊಟ್ಟು ಮೇಲೆ ಬರುವುದಿಲ್ಲ, ಒಂದು ಕೆಳಗೆ ಹೋಗುವುದಿಲ್ಲ. ಲೆಕ್ಕ ಬಾಯಲ್ಲಿ ಹೇಳುವುದಿಲ್ಲ, ಬೆರಳಲ್ಲೇ ಇದೆ. ನಾನು ಒಂದು ಚೆಂಡು ಕಟ್ಟುವಷ್ಟರಲ್ಲಿ ಅವರದ್ದು ಎರಡು ಆಗುತ್ತದೆ.

ಆದರೆ ಪೂರ್ತಿ ಸತ್ಯ ಹೇಳಬೇಕು. ಮಳೆಗಾಲದಲ್ಲಿ ಹೂ ಕಡಿಮೆ, ಕೆಲಸವೂ ಕಡಿಮೆ. ಮತ್ತೆ ಬೆಳಗಿನ ಹೊತ್ತಿನ ಕೆಲಸ. ಅಕ್ಕನಿಗೆ ಏಳರಿಂದ ಒಂಬತ್ತು ಸಿಗುತ್ತದಾ ನೋಡಿ. ಮೊಗ್ಗು ನಾವೇ ಮನೆಗೆ ತಂದು ಕೊಡುವ ಏರ್ಪಾಡು ಮಾಡಬಹುದು, ಅಷ್ಟು ದೂರ ಇಲ್ಲ.

*

ಬುಟ್ಟಿ ಹೆಣೆಯುವ ಮನೆಯವ

ನಾನು ಕೊರಗ ಸಮುದಾಯದವನು. ಡಿಗ್ರಿ ಮಾಡಿದ್ದೇನೆ. ಅಪ್ಪ ಅಮ್ಮ ಈಗಲೂ ಬುಟ್ಟಿ ಹೆಣೆಯುತ್ತಾರೆ. ನಮ್ಮ ಅನುಭವವೂ ಇಲ್ಲಿ ಇರಲಿ ಅಂತ ಬರೆಯುತ್ತಿದ್ದೇನೆ.

ನಮ್ಮ ಬುಟ್ಟಿ ಬೂರಿನದ್ದು, ಕಾಡಿನ ಬಳ್ಳಿ. ಗೊಬ್ಬರ ಹೊರಲಿಕ್ಕೆ, ಅಡಿಕೆ ಹೆಕ್ಕಲಿಕ್ಕೆ, ಅನ್ನ ಬಸಿಯಲಿಕ್ಕೆ ಎಲ್ಲ ಮನೆಗೂ ಬೇಕಿತ್ತು. ಪ್ಲಾಸ್ಟಿಕ್ ಬುಟ್ಟಿ ಬಂದ ಮೇಲೆ ಕೇಳುವವರು ಕಡಿಮೆಯಾದರು. ಜನ ಬಂದು "ಮಾರ್ಕೆಟ್ ಇಲ್ಲ" ಅಂತ ಹೇಳಿ ಹೋಗುತ್ತಾರೆ. ಅದು ಅರ್ಧ ಮಾತ್ರ ನಿಜ. ಈಗ ಕೇಳುವುದು ಬೇರೆ ಬುಟ್ಟಿ. ಮದುವೆ ಮನೆಯ ಡೆಕೋರೇಷನ್‌ನವರಿಗೆ ಚಿಕ್ಕ ಹೂಬುಟ್ಟಿ, ಹಣ್ಣಿಡುವ ತಟ್ಟೆ. ಒಮ್ಮೆಗೆ ನೂರು ಬೇಕು, ಎಲ್ಲವೂ ಒಂದೇ ಅಳತೆ ಇರಬೇಕು. ಅಪ್ಪನ ಕೈಗೆ ಒಂದೇ ಅಳತೆ ಕಷ್ಟವಾಗಲಿಲ್ಲ. ಒಂದು ಸ್ಟೀಲ್ ಪಾತ್ರೆ ಒಳಗಿಟ್ಟು ಅದರ ಸುತ್ತ ಹೆಣೆದರು. ಕಷ್ಟ ಬಳ್ಳಿಯದ್ದು. ಹತ್ತಿರದಲ್ಲಿ ಸಿಗುವುದಿಲ್ಲ, ಒಂದು ದಿನ ಪೂರ್ತಿ ಕಾಡಿನಲ್ಲಿ ಹೋಗುತ್ತದೆ. ಆ ದಿನದ ಕೂಲಿಯನ್ನು ಯಾರೂ ಬುಟ್ಟಿಯ ರೇಟಿಗೆ ಸೇರಿಸುವುದಿಲ್ಲ. ನಾನು ಸೇರಿಸಿ ಲೆಕ್ಕ ಹಾಕಿದ ದಿನ ಅಪ್ಪ ಸುಮ್ಮನೆ ಕೂತರು. ಇಷ್ಟು ವರ್ಷ ಬಳ್ಳಿ ಬಿಟ್ಟಿ ಅಂದುಕೊಂಡಿದ್ದರು.

ನೀವು ಆ ಅಕ್ಕನ ಲೆಕ್ಕ ಹಾಕುವಾಗಲೂ ಅವರ ಕೈಕೆಲಸದ ಹೊತ್ತನ್ನು ಬರೆಯಿರಿ. ಅದಕ್ಕೆ ರೂಪಾಯಿ ಹಾಕಿ.

ಪ್ರಧಾನಮಂತ್ರಿ ವಿಶ್ವಕರ್ಮ ಯೋಜನೆ 2023ರಲ್ಲಿ ಬಂದಿದೆ. 18 ಕಸುಬುಗಳಲ್ಲಿ ಬುಟ್ಟಿ, ಚಾಪೆ, ಪೊರಕೆ ಮಾಡುವವರು ಇದ್ದಾರೆ. ಹೂಮಾಲೆ ಕಟ್ಟುವವರು ಮತ್ತು ಮೀನಿನ ಬಲೆ ಹೆಣೆಯುವವರೂ ಇದ್ದಾರೆ. ತರಬೇತಿ ಇದೆ, ಉಪಕರಣಕ್ಕೆ 15,000 ರೂಪಾಯಿವರೆಗೆ ಸಿಗುತ್ತದೆ. ಒಂದು ಮನೆಗೆ ಒಬ್ಬರಿಗೆ ಮಾತ್ರ.

ಇನ್ನೊಂದು ಮಾತು. ಸಹಾಯ ಕೊಟ್ಟ ಮೇಲೆ ಆ ಅಕ್ಕನನ್ನು ನಿಲ್ಲಿಸಿ ಫೋಟೋ ತೆಗೆಯಬೇಡಿ. ನಮ್ಮ ಮನೆಯಲ್ಲಿ ಅದು ತುಂಬ ಆಗಿದೆ.

*

ಕಟಪಾಡಿ ಕಡೆಯವಳು

ತಮ್ಮಾ, ಖಂಡಿತ ತೆಗೆಯುವುದಿಲ್ಲ. ನಿಮ್ಮ ಅಪ್ಪನ ಮಾತು ಇವತ್ತೆಲ್ಲ ತಲೆಯಲ್ಲಿ ಇತ್ತು.

ಎರಡು ವಾರದ ಸುತ್ತಾಟದ ವರದಿ ಕೊಡುತ್ತೇನೆ. ಇಪ್ಪತ್ತಮೂರು ಕಡೆ ಮಾತಾಡಿದೆವು. ಮೊದಲ ಎರಡು ದಿನ ಪುಸ್ತಕ ಪೆನ್ನು ಹಿಡಿದು ಹೋದೆವು, ಅಂಗಡಿಯವರು ನಮ್ಮನ್ನು ತೆರಿಗೆ ಇಲಾಖೆಯವರು ಅಂದುಕೊಂಡು ಬಾಯಿ ಬಿಡಲಿಲ್ಲ. ಆಮೇಲೆ ಪುಸ್ತಕ ಮನೆಯಲ್ಲಿಟ್ಟು ಚೀಲ ಹಿಡಿದು ಹೋದೆವು. ಏನಾದರೂ ಸ್ವಲ್ಪ ಕೊಂಡೆವು, ಪಕ್ಕದಲ್ಲಿ ಕೂತು ಮಾತಾಡಿದೆವು. ಬಸ್ಸಿನಲ್ಲಿ ಬರುವಾಗ ಬರೆದುಕೊಂಡೆವು.

ಫಿನಾಯಿಲ್, ಸೋಪು, ಮೇಣದಬತ್ತಿ ಎಲ್ಲ ಕಡೆ ಬೇಡ ಅಂದರು. ಉಪ್ಪಿನಕಾಯಿ, ಹಪ್ಪಳ ಇಡಲಿಕ್ಕೆ ಒಪ್ಪುತ್ತಾರೆ, ಆದರೆ ಮಾರಿದ ಮೇಲೆಯೇ ದುಡ್ಡು. ಒಂದು ಅಂಗಡಿಯಲ್ಲಿ ಐದು ಬೇರೆ ಬೇರೆ ಗುಂಪಿನ ಮಾವಿನಮಿಡಿ ಬಾಟಲಿ ಧೂಳು ಹಿಡಿದು ಸಾಲಾಗಿ ಇತ್ತು. ಎಲ್ಲದರ ಮೇಲೂ ಯಾರದೋ ಮನೆಯ ಆಸೆ ಇದೆ, ನೋಡಿ ಸಂಕಟ ಆಯಿತು.

ಬೇಕು ಅಂತ ಕೇಳಿದ್ದು ನಾವು ಯೋಚಿಸಿಯೇ ಇಲ್ಲದ ವಸ್ತುಗಳು. ಊರ ಬಸಳೆ, ಆರು ಕಡೆ ಕೇಳಿದರು. ನಾಗರಪಂಚಮಿಗೆ ಅರಿಶಿನ ಎಲೆ. ಪತ್ರೊಡೆಗೆ ಕೆಸುವಿನ ಎಲೆ. ಅಷ್ಟಮಿಗೆ ಖಾಲಿ ಮೂಡೆ, ಅಂದರೆ ಹಿಟ್ಟು ಹೊಯ್ದು ಹಬೆಯಲ್ಲಿ ಬೇಯಿಸಲಿಕ್ಕೆ ಎಲೆಯಲ್ಲಿ ಸುತ್ತಿದ ಕೊಳವೆ. ಮೂಡೆ ಮನೆಯಲ್ಲಿ ಎಲ್ಲರಿಗೂ ಬೇಕು, ಮುಂಡೇವಿನ (ಕೇದಗೆ ಜಾತಿಯ ಮುಳ್ಳಿನ ಗಿಡ) ಎಲೆ ಸುತ್ತಲಿಕ್ಕೆ ಗೊತ್ತಿರುವವರು ಕಡಿಮೆ. ಹಿಟ್ಟು ಮನೆಯಲ್ಲಿ ರುಬ್ಬುತ್ತಾರೆ, ಖಾಲಿ ಮೂಡೆಯನ್ನು ಪೇಟೆಯಿಂದ ತರುತ್ತಾರೆ.

ಆ ಅಕ್ಕನ ಅತ್ತೆಗೆ ಮೂಡೆ ಸುತ್ತಲಿಕ್ಕೆ ಬರುತ್ತದೆ! ಕೇಳಿದಾಗ ಮುಖ ಅರಳಿತು ಅವರದ್ದು. ಗದ್ದೆ ಬದಿಯಲ್ಲಿ, ತೋಡಿನ ಅಂಚಿನಲ್ಲಿ ಮುಂಡೇವು ಬೇಕಾದಷ್ಟು ಇದೆ.

*

ಅಡುಗೆ ಕಾಂಟ್ರಾಕ್ಟಿನವರು, ಮಂಗಳೂರು

ಮೂಡೆ ವಿಷಯ ಬಂತಲ್ಲ, ಕೊಳ್ಳುವವನ ಕಡೆಯಿಂದ ಎರಡು ಮಾತು.

ನಾನು ಮದುವೆ, ಗೃಹಪ್ರವೇಶ ಅಂತ ಅಡುಗೆ ವಹಿಸಿಕೊಳ್ಳುತ್ತೇನೆ. ಮೂಡೆ, ಹಲಸಿನ ಎಲೆಯ ಕೊಟ್ಟೆ ಎಲ್ಲ ವರ್ಷಪೂರ್ತಿ ಬೇಕು, ಹಬ್ಬಕ್ಕೆ ಮಾತ್ರ ಅಲ್ಲ. ಗುಂಪಿನವರ ಹತ್ತಿರ ಮೊದಲು ತಗೊಂಡಿದ್ದೆ. ಎರಡು ಸಲ ಹೊತ್ತಿಗೆ ಬರಲಿಲ್ಲ. ಮದುವೆ ಮನೆಯಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಹಬೆಗೆ ಇಡಬೇಕು, ಆರಕ್ಕೆ ತಂದುಕೊಟ್ಟರೆ ನನಗೆ ಪ್ರಯೋಜನ ಇಲ್ಲ. ಬಿಟ್ಟುಬಿಟ್ಟೆ.

ನನಗೆ ಬೇಕಾದದ್ದು ಇಷ್ಟೇ. ಹಿಂದಿನ ಸಂಜೆಯೇ ಬರಬೇಕು. ಮುಳ್ಳು ಪೂರ್ತಿ ತೆಗೆದಿರಬೇಕು, ತಿನ್ನುವವರ ಕೈಗೆ ಚುಚ್ಚಬಾರದು. ಎಲೆ ಬೆಂಕಿಯಲ್ಲಿ ಸರಿಯಾಗಿ ಬಾಡಿಸಿರಬೇಕು. ಹಸಿ ಎಲೆ ಸುತ್ತುವಾಗ ಸೀಳುತ್ತದೆ, ಹಿಟ್ಟು ಹೊಯ್ದರೆ ತಳದಲ್ಲಿ ಸೋರುತ್ತದೆ. ಎತ್ತರ ಒಂದೇ ಇರಬೇಕು, ಇಲ್ಲದಿದ್ದರೆ ಒಂದು ಬೆಂದು ಇನ್ನೊಂದು ಹಸಿ ಉಳಿಯುತ್ತದೆ. ಇಷ್ಟು ಸರಿ ಇದ್ದರೆ ನಾನು ಕೈಗೆ ದುಡ್ಡು ಕೊಡುತ್ತೇನೆ, ಕಾಲುಭಾಗ ಮುಂಗಡವನ್ನೂ ಕೊಡುತ್ತೇನೆ. ಮೊದಲು ಐವತ್ತು ತಂದು ತೋರಿಸಿ. ಸೋರದಿದ್ದರೆ ಮುಂದಿನ ಮಾತು.

ಖಾಲಿ ಮೂಡೆಗೆ ಯಾವ ಲೈಸೆನ್ಸೂ ತಲೆನೋವಿಲ್ಲ. ಮುಂದೆ ತಿಂಡಿಯನ್ನೇ ಬೇಯಿಸಿ ಮಾರುವುದಾದರೆ ಆಹಾರ ಸುರಕ್ಷತೆಯ ರಿಜಿಸ್ಟ್ರೇಷನ್ ಮಾಡಿಸಿ. ಸಣ್ಣ ವ್ಯಾಪಾರಕ್ಕೆ ವರ್ಷಕ್ಕೆ 100 ರೂಪಾಯಿ ಶುಲ್ಕ, ಅಷ್ಟೆ.

*

ಕಿನ್ನಿಗೋಳಿ ಕಡೆಯವರು

ಉಡುಪಿ ಸೀರೆಯ ಕಥೆ ಇಲ್ಲಿ ಹೇಳಬೇಕು ಅನಿಸಿತು. ಮಗ್ಗಗಳು ಒಂದೊಂದಾಗಿ ನಿಂತು, ತಾಳಿಪಾಡಿ ನೇಕಾರರ ಸಂಘದಲ್ಲಿ ಬೆರಳೆಣಿಕೆಯ ಹಿರಿಯರಷ್ಟೇ ಉಳಿದಿದ್ದರು. 2016ರಲ್ಲಿ ಜಿಐ ಗುರುತು (ಇದು ಇದೇ ಊರಿನದ್ದು ಎಂಬ ಸರಕಾರದ ಮಾನ್ಯತೆ) ಸಿಕ್ಕಿತು. ಗುರುತು ಸಿಕ್ಕಿದ್ದರಿಂದಲೇ ಮಗ್ಗ ಓಡಲಿಲ್ಲ. ನೇಯ್ದವರ ಹೆಸರು ಸೀರೆಯ ಜೊತೆ ಹೋಗುವಂತೆ ಮಾಡಿದರು, ನೈಸರ್ಗಿಕ ಬಣ್ಣ ಹಾಕಿದರು, ನೇಕಾರರಿಗೆ ಕೂಲಿ ಹೆಚ್ಚಿಸಿದರು, ಕೊಳ್ಳುವವರನ್ನು ಹುಡುಕಿದರು. ಆಮೇಲೆ ಹೊಸಬರು ಕಲಿಯಲಿಕ್ಕೆ ಬಂದರು.

ನಿಮ್ಮ ಪಕ್ಕದ ಮಟ್ಟು ಊರಿನ ಬದನೆ, ಮಟ್ಟುಗುಳ್ಳವೂ ಹಾಗೆಯೇ. 2011ರಲ್ಲಿ ಜಿಐ ಆಯಿತು. ಬೇರೆ ಬದನೆಯನ್ನು ಅದೇ ಹೆಸರಲ್ಲಿ ಮಾರುತ್ತಾರೆ ಅಂತ ಬೆಳೆಗಾರರು ಪ್ರತಿ ಗುಳ್ಳಕ್ಕೂ ಸ್ಟಿಕ್ಕರ್ ಅಂಟಿಸುತ್ತಾರೆ.

*

ಹಳೆ ಬ್ಯಾಂಕಿನವ

ಕಲಿಯಬೇಕಾದ ಕೆಲಸ ಮುಂದೆ ಬಂದರೆ ಉಜಿರೆಯ ರುಡ್‌ಸೆಟ್ (ಸ್ವಉದ್ಯೋಗ ತರಬೇತಿ ಸಂಸ್ಥೆ) ನೆನಪಿರಲಿ. 1982ರಲ್ಲಿ ಶುರುವಾದದ್ದು, ಊಟ ವಸತಿ ಸಮೇತ ಉಚಿತ ತರಬೇತಿ. ಆದರೆ ಈ ಅಕ್ಕನಿಗೆ ಮನೆಬಿಟ್ಟು ಹೋಗಲಿಕ್ಕೆ ಆಗುವುದಿಲ್ಲ. ಗುಂಪಿನ ಬೇರೆ ಹುಡುಗಿಯರನ್ನು ಕಳಿಸಿ.

ಬಸ್ಸಿನ ಖರ್ಚು ಲೆಕ್ಕಕ್ಕೆ ಹಿಡಿದಿರಾ? ಹೆಂಗಸರಿಗೆ ಬಸ್ಸು ಉಚಿತ ಅಂತ ಬೆಂಗಳೂರಿನವರು ಬರೆದುಬಿಡುತ್ತಾರೆ. ನಮ್ಮಲ್ಲಿ ಜಾಸ್ತಿ ಓಡುವುದು ಖಾಸಗಿ ಬಸ್ಸು, ಶಕ್ತಿ ಟಿಕೆಟ್ ಅದರಲ್ಲಿ ನಡೆಯುವುದಿಲ್ಲ.

*

ಕಟಪಾಡಿ ಕಡೆಯವಳು
ಸೆಪ್ಟೆಂಬರ್

ಅಣ್ಣ, ಬಸ್ಸಿನ ಖರ್ಚು ಹಿಡಿದೆವು. ಅದರಿಂದಲೇ ಒಬ್ಬೊಬ್ಬರೇ ಹೋಗದೆ ಎಲ್ಲರ ಸಾಮಾನು ಒಬ್ಬರೇ ಒಯ್ಯುವುದು ಅಂತ ಮಾಡಿದೆವು.

ಆದದ್ದನ್ನು ಆದ ಹಾಗೆ ಹೇಳುತ್ತೇನೆ. ಮೊದಲ ಐವತ್ತು ಮೂಡೆಯಲ್ಲಿ ಹನ್ನೊಂದು ಸೋರಿತು. ಅಡುಗೆಯವರು ನೀರು ಹೊಯ್ದು ನಮ್ಮೆದುರೇ ತೋರಿಸಿದರು. ಎಲೆಯನ್ನು ಒಲೆಯ ಮೇಲೆ ಹಿಡಿದು ಬಾಡಿಸುತ್ತಿದ್ದೆವು, ಒಂದು ಬದಿ ಕರಟುತ್ತಿತ್ತು, ಇನ್ನೊಂದು ಬದಿ ಹಸಿ. ಅತ್ತೆ ಕೆಂಡದ ಮೇಲೆ ನಿಧಾನ ಎಳೆದು ತೋರಿಸಿದರು. ಹಸಿರು ಹೋಗಿ ಎಲೆ ಬಟ್ಟೆಯ ಹಾಗೆ ಮೆತ್ತಗಾಗುವವರೆಗೆ. ಎತ್ತರಕ್ಕೆ ಒಂದು ಪಿವಿಸಿ ಪೈಪ್ ತುಂಡು ಕತ್ತರಿಸಿ ಅಳತೆಗೋಲು ಮಾಡಿದೆವು, ಬುಟ್ಟಿ ಹೆಣೆಯುವ ತಮ್ಮನ ಅಪ್ಪ ಪಾತ್ರೆ ಇಟ್ಟ ಹಾಗೆ. ಎರಡನೆಯ ಸಲ ಒಂದೂ ಸೋರಲಿಲ್ಲ.

ಅಷ್ಟಮಿಗೆ ನಾಲ್ಕು ಮನೆಯವರು ಸೇರಿ ಸುತ್ತಿದೆವು. ಕೃಷ್ಣಮಠದಲ್ಲಿ ಸೌರಮಾನ, ಬೇರೆ ಕಡೆ ಚಾಂದ್ರಮಾನ. ಎರಡು ಅಷ್ಟಮಿಯ ಲೆಕ್ಕ ಇಟ್ಟುಕೊಂಡದ್ದು ಒಳ್ಳೆಯದಾಯಿತು. ಸುತ್ತಿ ಒಯ್ದ ಮೂಡೆಯಲ್ಲಿ ಸ್ವಲ್ಪ ಉಳಿಯಿತು. ಉಳಿದದ್ದನ್ನು ಎಲ್ಲರೂ ಸಮನಾಗಿ ನಷ್ಟಕ್ಕೆ ಹಾಕಿಕೊಂಡೆವು, ಆ ಒಂದು ಮನೆಯ ಮೇಲೆ ಹೊರಿಸಲಿಲ್ಲ.

ಮಲ್ಲಿಗೆ ಕಟ್ಟುವುದು ವಾರಕ್ಕೆ ನಾಲ್ಕು ದಿನ ನಡೆಯುತ್ತಿದೆ. ಶಂಕರಪುರದ ಅಕ್ಕ ಮೊಗ್ಗು ಮನೆಗೇ ತಂದು ಕೊಡುತ್ತಾರೆ, ಒಂಬತ್ತಕ್ಕೆ ಬಂದು ಒಯ್ಯುತ್ತಾರೆ, ಕೂಲಿ ಆಗಲೇ ಕೈಗೆ. ಬೀಡಿ ಎರಡು ದಿನ ಇದೆ, ಕಾರ್ಡ್ ಉಳಿದಿದೆ. ಯುಡಿಐಡಿ ಆಯಿತು, ಪಿಂಚಣಿಗೆ ಅರ್ಜಿ ಹೋಗಿದೆ.

ಹೊಲಿಗೆ ಮೆಷಿನ್ನನ್ನು ಗುಂಪಿನ ಇನ್ನೊಬ್ಬ ಹುಡುಗಿಗೆ ಕೊಡಿ ಅಂತ ಅವರೇ ಹೇಳಿದರು. ಅವಳ ಮನೆ ಹತ್ತಿರ ಟೈಲರ್ ಯಾರೂ ಇಲ್ಲ.

ಬಸಳೆ ದಂಟು ಮೊನ್ನೆ ನೆಟ್ಟೆವು. ಅಡಿಕೆ ಸಲಾಕೆಯ ಚಪ್ಪರ ಗುಂಪಿನವರೇ ಹಾಕಿಕೊಟ್ಟರು. ಮಲಗಿದ ಅಣ್ಣನಿಗೆ ಕಿಟಕಿಯಿಂದ ಚಪ್ಪರ ಕಾಣುತ್ತದೆ. ನೀರು ಹೊಯ್ದಿರಾ ಅಂತ ದಿನಾ ಎರಡು ಸಲ ಕೇಳುತ್ತಾರಂತೆ.

*

ಮಲ್ಪೆ ಮಗಳು

ಓದಿ ತುಂಬ ಸಂತೋಷವಾಯಿತು. ಒಣ ಸಿಗಡಿಗೆ ನಾಲ್ಕು ಮನೆ ಸೇರುವುದಾದರೆ ಫೆಬ್ರವರಿಯಲ್ಲೇ ಹೇಳಿ, ಅಟ್ಟ ಹಾಕುವ ರೀತಿ ಅಮ್ಮ ಬಂದು ತೋರಿಸುತ್ತಾರಂತೆ.

*

ಸಂತೆಯಲ್ಲಿ ತರಕಾರಿ ಮಾರುವವಳು
ನವೆಂಬರ್

ನಿನ್ನೆ ಆ ಅಕ್ಕನ ಮನೆಯ ಬಸಳೆ ಮೊದಲ ಸಲ ನನ್ನ ಹತ್ತಿರ ಬಂತು, ಹನ್ನೆರಡು ಕಟ್ಟು. ದಂಟು ದಪ್ಪ ಇತ್ತು, ಎಲೆ ಚೆನ್ನಾಗಿತ್ತು. ಎಂಟೂಕಾಲಿಗೆ ಮುಗಿಯಿತು. ಕಟ್ಟು ಸ್ವಲ್ಪ ದೊಡ್ಡದಾಯಿತು, ಅಷ್ಟು ಹಾಕಬೇಡಿ ಅಂತ ಹೇಳಿ. ಬುಡ ಬಿಟ್ಟು ಒಂದು ಗೇಣು ಮೇಲೆ ಕತ್ತರಿಸಲಿ, ಬೇಗ ಚಿಗುರುತ್ತದೆ. ಬುಧವಾರಕ್ಕೆ ಇಪ್ಪತ್ತು ಕಟ್ಟು ಆಗುತ್ತದಾ ಕೇಳಿ, ದುಡ್ಡು ಕಳಿಸಿದ್ದೇನೆ.